ಬಳ್ಳಾರಿಯ ಗಾಜಿನ ಕಡಲಿಗೆ ಬಂದವರಾರು?

ಏಪ್ರಿಲ್ ತಿಂಗಳ ಬಳ್ಳಾರಿ. ರಾತ್ರಿ ಹನ್ನೊಂದಾದರೂ ಗೋಡೆ ಮುಟ್ಟಿದರೆ ಬೆಚ್ಚಗಿರುತ್ತದೆ. ನಡುಮನೆಯ ಮೂಲೆಯಲ್ಲಿರುವ ಉಪ್ಪುನೀರಿನ ಅಕ್ವೇರಿಯಂನ ದೀಪ ಆರಿ ಎರಡು ತಾಸಾಗಿದೆ. ಕಿತ್ತಳೆ ಬಣ್ಣದ ಕ್ಲೌನ್ ಮೀನುಗಳೆರಡು ಒಂದು ಬದಿಗೆ ಒರಗಿ ನಿದ್ದೆಯಲ್ಲಿವೆ. ಟಾರ್ಚಿಗೆ ಕೆಂಪು ಹಾಳೆ ಸುತ್ತಿ ಕಲ್ಲಿನ ಹತ್ತಿರ ಹಿಡಿದರೆ, ಹಗಲೆಲ್ಲ ಖಾಲಿ ಕಾಣುತ್ತಿದ್ದ ತೂತಿನೊಳಗಿಂದ ಗುಲಾಬಿ ಬಣ್ಣದ ಉದ್ದನೆಯ ಹುಳುವೊಂದು ಅರ್ಧ ಮೈ ಹೊರಗೆ ಚಾಚಿದೆ. ಮೈಯ ಎರಡೂ ಅಂಚಿನಲ್ಲಿ ಬಿಳಿ ಬಿರುಗೂದಲಿನ ಸಾಲು. ಬೆಳಕು ತುಸು ಅಲುಗಿದ್ದೇ ತಡ, ಸರಕ್ಕನೆ ಒಳಗೆ ಹೋಗುತ್ತದೆ. ಅದನ್ನು ಯಾರೂ ಕೊಂಡು ತಂದಿರಲಿಲ್ಲ, ಯಾರೂ ನೀರಿಗೆ ಬಿಟ್ಟಿರಲಿಲ್ಲ.

ಬಳ್ಳಾರಿಯಿಂದ ಪಡುವಣಕ್ಕೆ ಕಾರವಾರದ ದಂಡೆ, ಮೂಡಣಕ್ಕೆ ಆಂಧ್ರದ ದಂಡೆ. ಹಕ್ಕಿ ಹಾರುವ ದಾರಿಯಲ್ಲಿ ಅಳೆದರೂ ಎತ್ತ ಹೋದರೂ ಸುಮಾರು 300 ಕಿಲೋಮೀಟರ್. ಇಷ್ಟು ದೂರದ ಬಯಲುಸೀಮೆಯ ಮನೆಗೆ ಕಡಲ ಹುಳು ಬಂದದ್ದು ಹೇಗೆ? ಈ ಹವ್ಯಾಸಕ್ಕೆ ಇಳಿದವರೆಲ್ಲ ಒಂದಲ್ಲ ಒಂದು ರಾತ್ರಿ ಕೇಳಿಕೊಳ್ಳುವ ಪ್ರಶ್ನೆ ಇದು. ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆ ಏಳುತ್ತದೆ: ಇದನ್ನು ಕೊಲ್ಲಬೇಕೋ, ಬಿಡಬೇಕೋ? ಮೊದಲ ಪ್ರಶ್ನೆಗೆ ಉತ್ತರ ಸುಲಭ. ಎರಡನೆಯದಕ್ಕೆ ಅವಸರದಲ್ಲಿ ಉತ್ತರ ಕೊಟ್ಟು ತೊಟ್ಟಿಯನ್ನೇ ಕೆಡಿಸಿಕೊಂಡವರು ಬಹಳ. ಈ ಬರಹ ಹೆಚ್ಚಾಗಿ ಆ ಎರಡನೆಯ ಪ್ರಶ್ನೆಯದು.

ಹವಳದ ತೊಟ್ಟಿ ಕಟ್ಟುವವರು ತಳದಲ್ಲಿ ಜೋಡಿಸುವ ಕಲ್ಲಿಗೆ ‘ಲೈವ್ ರಾಕ್’ ಎನ್ನುತ್ತಾರೆ. ಅದು ನಮ್ಮ ಗುಡ್ಡದ ಕಗ್ಗಲ್ಲಿನಂಥದ್ದಲ್ಲ. ಸತ್ತ ಹವಳದ ಸುಣ್ಣದ ಅಸ್ಥಿ ಅದು. ಜೇನುಹುಟ್ಟಿನಂತೆ ಒಳಗೆಲ್ಲ ತೂತು. ಆ ತೂತುಗಳಲ್ಲಿ ನೆಲೆಸಿದ ಬ್ಯಾಕ್ಟೀರಿಯಾಗಳೇ ತೊಟ್ಟಿಯ ನಿಜವಾದ ಯಂತ್ರ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಮಾಡಿ, ನೈಟ್ರೈಟನ್ನು ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಮಾಡುವುದು ಅವೇ. ಅದೇ ತೂತುಗಳಲ್ಲಿ ಹುಳುವಿನ ಮರಿ, ಏಡಿಯ ಮರಿ, ಸ್ಪಂಜಿನ ಚೂರು, ಬಸವನಹುಳುವಿನ ಮೊಟ್ಟೆ, ಪಾಚಿಯ ಬೀಜಕಣ ಎಲ್ಲವೂ ಅಡಗಿ ಕೂತಿರುತ್ತವೆ. ಕಲ್ಲೇ ಬೇಕೆಂದಿಲ್ಲ. ಬೆರಳುದ್ದದ ಹವಳದ ತುಂಡಿನ ಬುಡ, ಮುಷ್ಟಿ ಮರಳು, ಮೀನು ಬಂದ ಪೊಟ್ಟಣದ ನೀರು, ಇವಿಷ್ಟೇ ಸಾಕು. ಬಂದರಿನಿಂದ ಚೆನ್ನೈಗೆ, ಅಲ್ಲಿಂದ ಬೆಂಗಳೂರಿಗೆ, ಅಲ್ಲಿಂದ ರಾತ್ರಿ ಬಸ್ಸಿನ ಡಿಕ್ಕಿಯಲ್ಲಿ ಥರ್ಮಾಕೋಲ್ ಡಬ್ಬಿಯೊಳಗೆ ಬಳ್ಳಾರಿಗೆ ಬಂದಿಳಿಯುವ ಹೊತ್ತಿಗೆ ಮಾಲೀಕನಿಗೆ ಗೊತ್ತಿರುವ ಜೀವಿ ಒಂದಾದರೆ, ಗೊತ್ತಿಲ್ಲದವು ಹತ್ತು.

ಇಲ್ಲೊಂದು ಮಾತು ಸೇರಿಸಬೇಕು. ಬಳ್ಳಾರಿಗೆ ಕಡಲು ಹೊಸತೆಂದು ನಾವು ತಿಳಿದಿದ್ದೇವೆ, ಆದರೆ ಸಂಡೂರಿನ ಕಲ್ಲು ಬೇರೆ ಕಥೆ ಹೇಳುತ್ತದೆ. ಸಂಡೂರಿನ ಪದರಶಿಲೆಗಳಲ್ಲಿ ಭೂವಿಜ್ಞಾನಿಗಳು ಸ್ಟ್ರೊಮ್ಯಾಟೊಲೈಟ್‌ಗಳನ್ನು ಗುರುತಿಸಿದ್ದಾರೆ. ಆಳವಿಲ್ಲದ ನೀರಿನ ತಳದಲ್ಲಿ ಸೂಕ್ಷ್ಮಜೀವಿಗಳ ಪದರದ ಮೇಲೆ ಪದರ ಕೂತು ಬೆಳೆದ ದಿಬ್ಬಗಳ ಗುರುತು ಅವು. ವಯಸ್ಸು ಎರಡೂವರೆ ನೂರು ಕೋಟಿ ವರ್ಷಕ್ಕೂ ಹೆಚ್ಚು. ಹವಳ ಹುಟ್ಟುವುದಕ್ಕೆ ಎಷ್ಟೋ ಮೊದಲೇ ನಮ್ಮ ಜಿಲ್ಲೆಯಲ್ಲಿ ಜೀವಿಗಳು ಕಟ್ಟಿದ ದಿಬ್ಬವಿತ್ತು. ಅದಿರಿನ ಲಾರಿಗಳ ಧೂಳಿನಲ್ಲಿ ಈ ಸಂಗತಿ ಮರೆತುಹೋಗದಿರಲಿ ಎಂಬ ಆಸೆ ನನಗೆ.

ಹುಳುವಿನ ವಿಷಯಕ್ಕೆ ಬರೋಣ. ಅದನ್ನು ಕಂಡವರ ಮೊದಲ ಕೆಲಸ ಔಷಧಿ ಹುಡುಕುವುದು. ಮೀನಿನ ಚುಕ್ಕಿ ರೋಗಕ್ಕೆಂದು ತಂದ ತಾಮ್ರದ ಔಷಧಿಯ ಬಾಟಲಿ ಮನೆಯಲ್ಲೇ ಇರುತ್ತದೆ. ಅದನ್ನು ಸುರಿದರೆ ಹುಳು ಸಾಯುವುದೇನೋ ನಿಜ. ಜೊತೆಗೆ ಸಿಗಡಿ, ಏಡಿ, ಬಸವನಹುಳು, ಹವಳ, ಒಟ್ಟಾರೆ ಬೆನ್ನೆಲುಬಿಲ್ಲದ ಜೀವಿಗಳೆಲ್ಲ ಸಾಯುತ್ತವೆ. ಕಲ್ಲಿನೊಳಗೆ ಸತ್ತ ನೂರಾರು ಹುಳುಗಳು ಕೊಳೆತು ಅಮೋನಿಯಾ ಏರಿ, ಮೂರನೆಯ ದಿನಕ್ಕೆ ಮೀನೂ ಸಾಯುತ್ತದೆ. ಇಷ್ಟೂ ಆದ ಮೇಲೆ ತಿಳಿಯುವುದೇನೆಂದರೆ, ಆ ಹುಳು ಯಾರಿಗೂ ತೊಂದರೆ ಕೊಡದೆ, ಮೀನು ತಿಂದು ಬಿಟ್ಟ ಚೂರುಗಳನ್ನು ಮೇಯುತ್ತ ತೊಟ್ಟಿ ಚೊಕ್ಕಟ ಮಾಡುತ್ತಿತ್ತು.

ಸಿರುಗುಪ್ಪದ ಭತ್ತದ ರೈತರಿಗೆ ಈ ಕಥೆ ಹೊಸದಲ್ಲ. ತುಂಗಭದ್ರೆಯ ಕಾಲುವೆ ಬಯಲಿನಲ್ಲಿ ಭತ್ತ ತೆನೆ ಕಟ್ಟುವ ಹೊತ್ತಿಗೆ ಬುಡಕ್ಕೆ ಕಂದು ಜಿಗಿಹುಳು ಬೀಳುತ್ತದೆ. ಪೈರು ಅಲ್ಲಲ್ಲಿ ದುಂಡಗೆ ಸುಟ್ಟಂತೆ ಒಣಗುತ್ತದೆ. ಕಂಡ ಕೂಡಲೇ ಸಿಕ್ಕ ಔಷಧಿ ಹೊಡೆದರೆ ಜಿಗಿಹುಳುವಿಗಿಂತ ಮೊದಲು ಸಾಯುವುದು ಅದನ್ನು ತಿನ್ನುತ್ತಿದ್ದ ಜೇಡ, ಅದರ ಮೊಟ್ಟೆ ಹೀರುತ್ತಿದ್ದ ಮಿರಿಡ್ ತಿಗಣೆ. ಕಾಂಡದೊಳಗಿನ ಮೊಟ್ಟೆಗೆ ಔಷಧಿ ತಾಗುವುದಿಲ್ಲ. ಮರಿ ಹೊರಬಂದಾಗ ತಿನ್ನುವವರೇ ಗದ್ದೆಯಲ್ಲಿಲ್ಲ. ಹುಳು ಮೊದಲಿಗಿಂತ ಹತ್ತು ಪಟ್ಟಾಗಿ ಏಳುತ್ತದೆ. ಇಂಡೋನೇಷ್ಯಾ ದೇಶ ಇದರಿಂದ ಎಷ್ಟು ಕಂಗೆಟ್ಟಿತ್ತೆಂದರೆ, 1986ರಲ್ಲಿ ಅಲ್ಲಿನ ಸರ್ಕಾರ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ಒಂದೇ ಆದೇಶದಲ್ಲಿ ನಿಷೇಧಿಸಿತು. ಇಂದು ನಮ್ಮ ಕೃಷಿ ವಿಜ್ಞಾನಿಗಳೂ ರೈತರಿಗೆ ಹೇಳುವುದು ಅದನ್ನೇ: ಬದುವಿನ ಮೇಲೆ ನಿಂತು ಔಷಧಿ ಹೊಡೆಯಬೇಡಿ, ಗದ್ದೆಗಿಳಿದು ಬುಡ ಬಿಡಿಸಿ ನೋಡಿ, ಮಿತ್ರ ಕೀಟ ಯಾವುದು, ಶತ್ರು ಕೀಟ ಯಾವುದು ಎಂದು ಎಣಿಸಿ, ಆಮೇಲೆ ತೀರ್ಮಾನಿಸಿ. ಎರಡು ಅಡಿಯ ಗಾಜಿನ ತೊಟ್ಟಿ ನೋಡಿಕೊಳ್ಳುವವರಿಗೂ ಇದಕ್ಕಿಂತ ಒಳ್ಳೆಯ ಪಾಠ ಬೇರೆಲ್ಲೂ ಸಿಗದು.

ಹಾಗಾದರೆ ಬುಡ ಬಿಡಿಸಿ ನೋಡುವುದು ಹೇಗೆ? ಬಣ್ಣದಿಂದ ಶುರು ಮಾಡಬೇಡಿ. ಬಣ್ಣ ಬೆಳಕಿಗೆ ತಕ್ಕಂತೆ, ಮೇವಿಗೆ ತಕ್ಕಂತೆ ಬದಲಾಗುತ್ತದೆ. ಮೈ ಉಂಗುರ ಉಂಗುರವಾಗಿದೆಯೋ ಒಂದೇ ಹಾಳೆಯಂತಿದೆಯೋ, ಕಾಲಿದೆಯೋ ಬಿರುಗೂದಲಿದೆಯೋ, ತಲೆಯ ತುದಿಯಲ್ಲಿ ಮೀಸೆಯಂಥದ್ದು ಎಷ್ಟಿವೆ, ಚಿಪ್ಪಿದ್ದರೆ ಅದು ಕಲ್ಲಿಗೆ ಅಂಟಿಯೇ ಇರುತ್ತದೋ ತೆವಳುತ್ತದೋ, ಹಗಲು ಬರುತ್ತದೋ ರಾತ್ರಿಯೋ, ಅದು ಇದ್ದ ಜಾಗದ ಪಕ್ಕದ ಹವಳಕ್ಕೆ ಗಾಯವಾಗಿದೆಯೋ, ಇವೆಲ್ಲ ನಂಬಬಹುದಾದ ಗುರುತುಗಳು. ಎಲ್ಲಕ್ಕಿಂತ ಮುಖ್ಯ, ಅದು ತಿನ್ನುವುದನ್ನು ಕಣ್ಣಾರೆ ಕಂಡಿದ್ದೀರಾ? ಸತ್ತ ಮೀನಿನ ಮೇಲೆ ಹುಳು ಕೂತಿದ್ದರೆ ಹುಳುವೇ ಕೊಂದಿತೆಂದು ಹೇಳುವಂತಿಲ್ಲ. ಹೆಣದ ಬಳಿ ಸೇರಿದವರೆಲ್ಲ ಕೊಲೆಗಾರರಲ್ಲ. ಕೆಂಪು ಬೆಳಕನ್ನು ಹಲವು ಕಡಲ ಜೀವಿಗಳು ಸರಿಯಾಗಿ ಗ್ರಹಿಸಲಾರವು, ಹಾಗಾಗಿ ಕೆಂಪು ಹಾಳೆ ಸುತ್ತಿದ ಟಾರ್ಚ್ ದೊಡ್ಡ ಸಹಾಯ.

ಮೊದಲು ಕಂಡ ಆ ಗುಲಾಬಿ ಹುಳುವನ್ನೇ ತೆಗೆದುಕೊಳ್ಳಿ. ಅದನ್ನು ‘ಬ್ರಿಸಲ್ ವರ್ಮ್’ ಎನ್ನುತ್ತಾರೆ. ಎರೆಹುಳುವಿನ ದೂರದ ನೆಂಟ. ಪ್ರತಿ ಉಂಗುರದ ಎರಡೂ ಬದಿಗೆ ಬಿಳಿ ಬಿರುಗೂದಲಿನ ಗೊಂಚಲು ಇರುತ್ತದೆ. ಬರಿಗೈಯಲ್ಲಿ ಮುಟ್ಟಿದರೆ ಆ ಬಿರುಗೂದಲು ಚರ್ಮಕ್ಕೆ ನಾಟಿ ಉರಿಯುತ್ತದೆ. ಪಾಪಾಸುಕಳ್ಳಿಯ ಸಣ್ಣ ಮುಳ್ಳು ಚುಚ್ಚಿಸಿಕೊಂಡವರಿಗೆ ಆ ಉರಿ ಗೊತ್ತು. ಅಂಟುಪಟ್ಟಿ ಒತ್ತಿ ಎಳೆದರೆ ಬಿರುಗೂದಲು ಬರುತ್ತದೆ. ತೊಟ್ಟಿಗೆ ಮಾತ್ರ ಇದು ಉಪಕಾರಿ. ಸಂಖ್ಯೆ ವಿಪರೀತವಾದರೆ ತಪ್ಪು ಹುಳುವಿನದಲ್ಲ, ನಾವು ಮೀನಿಗೆ ಅಗತ್ಯಕ್ಕಿಂತ ಹೆಚ್ಚು ಮೇವು ಹಾಕುತ್ತಿದ್ದೇವೆ ಎಂದೇ ಅರ್ಥ.

ಇದರ ಜೊತೆ ಗೊಂದಲ ಮಾಡಿಕೊಳ್ಳಬಾರದ ಇನ್ನೊಂದು ಹುಳುವಿದೆ: ಯೂನಿಸ್. ಮೈಮೇಲೆ ಎಣ್ಣೆ ತೇಲಿದ ನೀರಿನಂತೆ ಬಣ್ಣಗಳ ಹೊಳಪು, ತಲೆಯ ಮೇಲೆ ಐದು ಮೀಸೆ. ಈ ಐದನ್ನು ಎಣಿಸುವುದೇ ಗುರುತು. ಇದರ ಜಾತಿಯ ದೈತ್ಯನನ್ನು ‘ಬಾಬಿಟ್ ವರ್ಮ್’ ಎಂದು ಕರೆಯುತ್ತಾರೆ. 2009ರಲ್ಲಿ ಇಂಗ್ಲೆಂಡಿನ ನ್ಯೂಕ್ವೇ ಊರಿನ ಬ್ಲೂ ರೀಫ್ ಅಕ್ವೇರಿಯಂನಲ್ಲಿ ಹವಳಗಳು ಅರ್ಧಕ್ಕೆ ತುಂಡಾಗುತ್ತಿದ್ದವು, ಮೀನುಗಳು ಗಾಯಗೊಂಡು ಸಿಗುತ್ತಿದ್ದವು. ಕಾರಣ ತಿಳಿಯದೆ ಕೊನೆಗೆ ಕಲ್ಲುಗಳನ್ನೆಲ್ಲ ಒಂದೊಂದಾಗಿ ಹೊರತೆಗೆದಾಗ ಸುಮಾರು ನಾಲ್ಕು ಅಡಿ ಉದ್ದದ ಬಾಬಿಟ್ ಹುಳು ಸಿಕ್ಕಿತು. ಮರಿಯಾಗಿದ್ದಾಗ ಕಲ್ಲಿನ ಜೊತೆ ಬಂದು ಅಲ್ಲೇ ಬೆಳೆದಿರಬೇಕೆಂದು ಅಲ್ಲಿನವರು ತರ್ಕಿಸಿದರು. ಅದೇ ವರ್ಷ ಜಪಾನಿನ ಶಿರಹಾಮದ ಬಂದರಿನಲ್ಲಿ ಮೀನು ಸಾಕುವ ತೆಪ್ಪದ ತೇಲುಬುಂಡೆಯೊಳಗೆ ಸಿಕ್ಕ ಹುಳು 299 ಸೆಂಟಿಮೀಟರ್ ಉದ್ದವಿತ್ತು. ಮೈಯಲ್ಲಿ 673 ಉಂಗುರ, ತೂಕ 433 ಗ್ರಾಂ. ಎರಡೂ ಕಡೆ ಅದು ಯಾರ ಕಣ್ಣಿಗೂ ಬೀಳದೆ ಬೆಳೆದಿತ್ತು ಎಂಬುದೇ ನನ್ನನ್ನು ಹೆಚ್ಚು ಬೆರಗುಗೊಳಿಸುವ ಸಂಗತಿ.

ಕೆಲವರನ್ನು ಕಣ್ಣಿಗಿಂತ ಕಿವಿಯಿಂದ ಹಿಡಿಯಬೇಕು. ರಾತ್ರಿ ತೊಟ್ಟಿಯ ಕಡೆಯಿಂದ ‘ಟಕ್, ಟಕ್’ ಎಂದು ಗಾಜಿಗೆ ಕಲ್ಲು ತಾಗಿದಂತೆ ಸದ್ದು ಬಂದರೆ ಇಬ್ಬರಲ್ಲಿ ಒಬ್ಬರು ಒಳಗಿದ್ದಾರೆ. ಒಬ್ಬ ಪಿಸ್ತೂಲು ಸಿಗಡಿ. ಅದರ ಒಂದು ಕೊಂಡಿ ಇನ್ನೊಂದಕ್ಕಿಂತ ಬಹಳ ದಪ್ಪ. ಆ ಕೊಂಡಿ ಮುಚ್ಚುವ ರಭಸಕ್ಕೆ ನೀರಿನಲ್ಲಿ ಗುಳ್ಳೆಯೊಂದು ಹುಟ್ಟುತ್ತದೆ. ಸದ್ದು ಬರುವುದು ಕೊಂಡಿಗೆ ಕೊಂಡಿ ತಾಗಿದ್ದರಿಂದಲ್ಲ, ಆ ಗುಳ್ಳೆ ಕುಸಿದಾಗ. 2000ದಲ್ಲಿ ವಿಜ್ಞಾನಿಗಳು ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಖಚಿತಪಡಿಸಿಕೊಂಡರು. ಈ ಸಿಗಡಿ ಸಾಮಾನ್ಯವಾಗಿ ನಿರಪಾಯಕಾರಿ. ಗೋಬಿ ಜಾತಿಯ ಪುಟ್ಟ ಮೀನಿನ ಜೊತೆ ಒಂದೇ ಬಿಲದಲ್ಲಿ ಬಾಳುವ ಪಿಸ್ತೂಲು ಸಿಗಡಿಗಳಿವೆ. ಸಿಗಡಿ ಬಿಲ ತೋಡುತ್ತದೆ, ಕಣ್ಣು ಚುರುಕಾದ ಗೋಬಿ ಬಾಗಿಲು ಕಾಯುತ್ತದೆ. ಇನ್ನೊಬ್ಬ ಮ್ಯಾಂಟಿಸ್ ಸಿಗಡಿ. ಕಡ್ಡಿಯ ಮೇಲೆ ಕೂರಿಸಿದಂತಿರುವ ಎರಡು ಕಣ್ಣು ಬೇರೆ ಬೇರೆ ದಿಕ್ಕಿಗೆ ತಿರುಗುತ್ತವೆ. ಇದರಲ್ಲಿ ಗುದ್ದುವ ಜಾತಿಯೊಂದರ ಹೊಡೆತವನ್ನು 2004ರಲ್ಲಿ ಅಳೆದಾಗ ವೇಗ ಸೆಕೆಂಡಿಗೆ 23 ಮೀಟರ್ ವರೆಗೆ ಇತ್ತು. ಬಸವನಹುಳುವಿನ ಚಿಪ್ಪು, ಏಡಿಯ ಕವಚ ಆ ಗುದ್ದಿಗೆ ಒಡೆಯುತ್ತವೆ. ಮ್ಯಾಂಟಿಸ್ ಆದರೆ ಬೇರೆ ತೊಟ್ಟಿಗೆ ಹಾಕಲೇಬೇಕು. ಕೊಲ್ಲುವ ಅಗತ್ಯವಿಲ್ಲ, ಅದನ್ನೇ ಪ್ರೀತಿಯಿಂದ ಸಾಕುವವರಿದ್ದಾರೆ.

ಏಡಿಗಳ ವಿಷಯದಲ್ಲಿ ಆಗುವ ಅನ್ಯಾಯ ದೊಡ್ಡದು. ಮೈತುಂಬ ಕೂದಲು, ಮೊಂಡು ಕೊಂಡಿ, ಕೊಂಡಿಯ ತುದಿ ಕಪ್ಪು, ಇಂಥ ಏಡಿ ಬೆಳೆದಂತೆ ಮಲಗಿದ ಮೀನಿಗೂ ಬಸವನಹುಳುವಿಗೂ ಕೈಹಾಕುವುದೇ ಹೆಚ್ಚು. ಆದರೆ ಕವಲು ಹವಳದ ಸಂದಿಯಲ್ಲೇ ಬಾಳುವ, ನುಣ್ಣನೆ ಹೊಳೆಯುವ ಬೆನ್ನಿನ ಪುಟ್ಟ ಟ್ರಪೀಜಿಯಾ ಏಡಿ ಹವಳದ ಕಾವಲುಗಾರ. ಹವಳ ತಿನ್ನುವ ಮುಳ್ಳುಕಿರೀಟದ ನಕ್ಷತ್ರಮೀನು ಹತ್ತಿರ ಬಂದರೆ ಅದರ ಕಾಲುಗಳನ್ನು ಚಿವುಟಿ ಓಡಿಸುವಷ್ಟು ಧೈರ್ಯ ಈ ಪುಟ್ಟ ಜೀವಿಗೆ. ಪ್ರತಿಯಾಗಿ ಹವಳ ಅದಕ್ಕೆ ಮನೆ ಮತ್ತು ಮೇವು ಕೊಡುತ್ತದೆ. ಏಡಿಯೆಂದ ಮಾತ್ರಕ್ಕೆ ಇದನ್ನು ಕಿತ್ತು ಎಸೆಯುವುದು, ಗದ್ದೆಯ ಜೇಡವನ್ನು ಹೊಸಕಿದ ಹಾಗೆ.

ಬಿಡಬಾರದವರೂ ಇದ್ದಾರೆ. ಅವರಲ್ಲಿ ಮೊದಲನೆಯದು ಐಪ್ಟೇಸಿಯಾ. ಕಂದು ಬಣ್ಣದ ತೆಳುವಾದ ಕಡಲ ಹೂ. ಪುಟ್ಟ ತಾಳೆಮರದಂತೆ ನಿಂತು ಕುಡಿಗಳನ್ನು ಬೀಸುತ್ತದೆ. ನೋಡಲು ಚೆಂದವೇ. ಆದರೆ ಕುಡಿಗಳಲ್ಲಿರುವ ಕುಟುಕು ಕಣಗಳಿಂದ ಪಕ್ಕದ ಹವಳವನ್ನು ಸುಟ್ಟು ಜಾಗ ಹಿಡಿಯುತ್ತದೆ. ಕೋಪದಿಂದ ಚಾಕುವಿನಲ್ಲಿ ಕೆರೆದರೆ ಕೆಲಸ ಕೆಟ್ಟಿತು. ಪಾದದ ಒಂದು ಚೂರು ಕಲ್ಲಿನಲ್ಲಿ ಉಳಿದರೂ ಅದರಿಂದ ಹೊಸದೊಂದು ಹುಟ್ಟುತ್ತದೆ, ಒಂದಿದ್ದದ್ದು ಹತ್ತಾಗುತ್ತದೆ. ಇದನ್ನೇ ಮೇಯುವ ಬರ್ಗಿಯಾ ಎಂಬ ಚಿಪ್ಪಿಲ್ಲದ ಬಸವನಹುಳು, ಪೆಪರ್‌ಮಿಂಟ್ ಸಿಗಡಿ ಇವುಗಳನ್ನು ಬಿಡುವುದು ಬಲ್ಲವರ ದಾರಿ.

ಇದೇ ಗುಣದ ಜೀವಿ ನಮ್ಮೂರಿನ ಸಿಹಿನೀರಿನಲ್ಲೂ ಇದೆ, ಹೈಡ್ರಾ. ಕೆರೆಯಿಂದ ತಂದ ಬಳ್ಳಿಯ ಜೊತೆ ಅಕ್ವೇರಿಯಂಗೆ ಬಂದು ಗಾಜಿಗೆ ದಾರದ ಎಳೆಯಂತೆ ಅಂಟಿರುತ್ತದೆ. 1740ರ ದಶಕದಲ್ಲಿ ಅಬ್ರಹಾಂ ಟ್ರೆಂಬ್ಲೆ ಎಂಬ ವಿಜ್ಞಾನಿ ಇದನ್ನು ತುಂಡರಿಸಿ, ಪ್ರತಿ ತುಂಡೂ ಪೂರ್ತಿ ಹೈಡ್ರಾ ಆಗುವುದನ್ನು ತೋರಿಸಿ ಯುರೋಪನ್ನು ಬೆಚ್ಚಿಬೀಳಿಸಿದ. ಹೈಡ್ರಾ, ಐಪ್ಟೇಸಿಯಾ, ಹವಳ, ಲೋಳೆಮೀನು ನಾಲ್ಕೂ ಕುಟುಕು ಕಣಗಳಿರುವ ಒಂದೇ ವಂಶದವು. ಹವಳದ ನೆಂಟನನ್ನು ನೋಡಲು ಕುರುಗೋಡಿನವರು ಕಡಲಿಗೆ ಹೋಗಬೇಕಿಲ್ಲ. ಮನೆ ಮುಂದಿನ ತಾವರೆ ತೊಟ್ಟಿಯ ಎಲೆಯ ಅಡಿಯನ್ನು ಭೂತಕನ್ನಡಿ ಹಿಡಿದು ನೋಡಿದರೂ ಸಿಕ್ಕೀತು.

ಕುರುಗೋಡಿನ ಮಾತು ಬಂದದ್ದರಿಂದ ಒಂದು ಹೆಸರಿನ ಬಗ್ಗೆ ಹೇಳುತ್ತೇನೆ. ದೊಡ್ಡ ಬಸವೇಶ್ವರನ ಊರು ಅದು. ಗುಡಿಯೊಳಗಿನ ಬೃಹತ್ ನಂದಿಯನ್ನು ನೋಡಿ ಬಂದವರು ಗದ್ದೆಯ ಬದುವಿನ ಬಸವನಹುಳುವನ್ನೊಮ್ಮೆ ನೋಡಬೇಕು. ಮುಂದೆ ಎರಡು ಕೋಡು, ಬೆನ್ನ ಮೇಲೆ ಹಿಣಿಲಿನಂಥ ಚಿಪ್ಪು, ಅವಸರವಿಲ್ಲದ ನಡಿಗೆ. ನಮ್ಮ ಹಿರಿಯರು ಈ ಹುಳುವನ್ನು ಕಂಡು ಬಸವನನ್ನು ನೆನೆದರು. ಚೆನ್ನಾಗಿ ನೋಡಿದವರು ಮಾತ್ರ ಇಡಬಲ್ಲ ಹೆಸರು ಇದು. ಗುರುತು ಹಿಡಿಯುವ ವಿದ್ಯೆ ಪಶ್ಚಿಮದಿಂದ ಬಂದ ಪುಸ್ತಕಗಳಲ್ಲೇ ಇದೆ ಎಂದುಕೊಳ್ಳುವವರಿಗೆ ಈ ಹೆಸರನ್ನೇ ತೋರಿಸಬೇಕೆನಿಸುತ್ತದೆ.

ಮಳೆಗಾಲ ಶುರುವಾದ ಮೇಲೆ ಬಯಲುಸೀಮೆಯ ಬಂಡೆಗುಂಡಿಗಳಲ್ಲಿ, ಹೊಲದ ತಗ್ಗಿನಲ್ಲಿ ನಿಂತ ನೀರನ್ನೂ ನೋಡಿ. ನೀರು ನಿಂತ ಕೆಲವೇ ದಿನಗಳಲ್ಲಿ ಅಂಗಾತ ಈಜುವ, ಗರಿಯಂಥ ಕಾಲುಗಳ ಪುಟ್ಟ ಜೀವಿಗಳು ಕಂಡರೆ ಅವು ‘ಫೇರಿ ಶ್ರಿಂಪ್’ಗಳು. ಅವುಗಳ ಮೊಟ್ಟೆ ಒಣಗಿದ ಮಣ್ಣಿನಲ್ಲಿ ಬೇಸಿಗೆಯ ಬಿಸಿಲನ್ನೂ ತಡೆದು ವರ್ಷಗಟ್ಟಲೆ ಕಾಯುತ್ತದೆ. ಕಡಲ ತೊಟ್ಟಿಯವರು ಮೀನುಮರಿಗೆ ಮೇವಾಗಿ ಡಬ್ಬಿಯಲ್ಲಿ ಕೊಳ್ಳುವ ಆರ್ಟೀಮಿಯಾ ಮೊಟ್ಟೆ ಇವುಗಳ ಉಪ್ಪುನೀರಿನ ದಾಯಾದಿಯದು. ಉಳಿದ ಹುಳುಗಳು ಕಲ್ಲಿನ ಜೊತೆ ದೂರದಿಂದ ಬಂದರೆ, ಇವು ಹಳೆಯ ಮಳೆಗಾಲದಿಂದ ಹೊಸ ಮಳೆಗಾಲಕ್ಕೆ ಬಂದವು.

ಸಿಹಿನೀರಿನ ಅತಿಥಿಗಳಲ್ಲಿ ಅಪಾಯವಿಲ್ಲವೆಂದು ತಿಳಿಯಬೇಡಿ. ಕೆರೆ, ಕುಂಟೆಗಳ ಕೆಲವು ಬಸವನಹುಳುಗಳು ಎಮ್ಮೆ, ದನಗಳ ಯಕೃತ್ತಿನ ಚಪ್ಪಟೆ ಹುಳುವಿಗೆ, ಗೊರಕೆ ರೋಗದ ಹುಳುವಿಗೆ ಆಶ್ರಯ ಕೊಡುತ್ತವೆ. ಕುಂಟೆಯಿಂದ ತಂದ ಗಿಡವನ್ನು ಬಕೆಟ್ಟಿನಲ್ಲಿ ಹಲವು ದಿನ ಬೇರೆ ಇಟ್ಟು, ಎಲೆಯ ಅಡಿಯ ಲೋಳೆಮೊಟ್ಟೆಗಳನ್ನು ಒರೆಸಿ, ಆಮೇಲೆ ಬಳಸುವುದು ಸರಿ.

ಕಡಲ ತೊಟ್ಟಿಯಲ್ಲಿ ಮನುಷ್ಯರ ಜೀವಕ್ಕೇ ಕುತ್ತು ತರಬಲ್ಲವರೂ ಇದ್ದಾರೆ, ಅದನ್ನು ಸ್ಪಷ್ಟವಾಗಿ ಹೇಳಲೇಬೇಕು. ಜೊಯಾಂಥಿಡ್ ಎಂಬ ಗುಂಪಿನ, ಗುಂಡಿಗಳನ್ನು ಒತ್ತಾಗಿ ಹೊಲಿದಂತೆ ಕಲ್ಲನ್ನು ಮುಚ್ಚುವ ಜೀವಿಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಎಂಬ ವಿಷವಿದೆ. ಜಗತ್ತಿನಲ್ಲಿ ಗೊತ್ತಿರುವ ಅತಿ ತೀಕ್ಷ್ಣ ವಿಷಗಳಲ್ಲಿ ಇದೊಂದು. ಹವಾಯಿ ದ್ವೀಪದ ಜೀವಿಯಿಂದ ಇದನ್ನು ಬೇರ್ಪಡಿಸಿದ ವರದಿ ಬಂದದ್ದು 1971ರಲ್ಲಿ. ಬೇಡದ ಜೀವಿಗಳು ಸಾಯಲೆಂದು ಕಲ್ಲನ್ನು ಪಾತ್ರೆಯಲ್ಲಿ ಕುದಿಸುವ ಕೆಟ್ಟ ಸಲಹೆಯೊಂದು ಹವ್ಯಾಸಿಗಳ ನಡುವೆ ಓಡಾಡುತ್ತದೆ. ಹಾಗೆ ಕುದಿಸಿದಾಗ ಆವಿಯ ಜೊತೆ ವಿಷ ಹರಡಿ ಮನೆಮಂದಿಯೆಲ್ಲ ಉಸಿರಾಡಲಾಗದೆ ನರಳಿದ ಪ್ರಕರಣಗಳು ಹಲವು ದೇಶಗಳಲ್ಲಿ ದಾಖಲಾಗಿವೆ. 2018ರಲ್ಲಿ ಇಂಗ್ಲೆಂಡಿನ ಸ್ಟೀವಂಟನ್ ಎಂಬ ಹಳ್ಳಿಯಲ್ಲಿ ತೊಟ್ಟಿಯ ಹವಳ ಸ್ವಚ್ಛ ಮಾಡಿದ ಮನೆಯವರು ಆಸ್ಪತ್ರೆ ಸೇರಬೇಕಾಯಿತು. ಆದ್ದರಿಂದ ತೊಟ್ಟಿಯ ಕಲ್ಲನ್ನು ಯಾವ ಕಾರಣಕ್ಕೂ ಕುದಿಸಬೇಡಿ, ಒಣಗಿದ ಕಲ್ಲನ್ನು ಉಜ್ಜಿ ಧೂಳೆಬ್ಬಿಸಬೇಡಿ. ಕೈಗವಸಿಲ್ಲದೆ, ಕೈಯಲ್ಲಿ ಗಾಯವಿರುವಾಗ ನೀರಿಗೆ ಕೈ ಹಾಕಬೇಡಿ. ಚೆಂದದ ಚಿತ್ತಾರದ, ಶಂಕುವಿನಾಕಾರದ ಚಿಪ್ಪು ಮರಳಿನಲ್ಲಿ ಜೀವಂತ ಕಂಡರೆ ಅದನ್ನೂ ಮುಟ್ಟಬೇಡಿ. ಕೋನ್ ಬಸವನಹುಳುಗಳ ವಿಷದ ಬಾಣ ಮನುಷ್ಯರನ್ನು ಕೊಂದಿದೆ.

ಗೊತ್ತಿಲ್ಲದವರನ್ನು ಒಳಗೆ ಬಿಟ್ಟ ಮೇಲೆ ಹುಡುಕುವುದಕ್ಕಿಂತ ಬಾಗಿಲಲ್ಲೇ ತಡೆಯುವುದು ಲೇಸು. ಹೊಸ ಹವಳವನ್ನು ಬೇರೆ ಡಬ್ಬಿಯಲ್ಲಿ ಹಲವು ವಾರ ಇರಿಸಬೇಕು. ಬಳ್ಳಾರಿಯಲ್ಲಿ ಇದನ್ನು ಹೇಳಿದಷ್ಟು ಸುಲಭವಾಗಿ ಮಾಡಲಾಗದು. ಹೊರಗೆ 40 ಡಿಗ್ರಿ ದಾಟಿದಾಗ ಒಂದು ತೊಟ್ಟಿಯನ್ನು 26 ಡಿಗ್ರಿಯಲ್ಲಿ ಇಡುವುದೇ ಕಷ್ಟ, ಇನ್ನೊಂದಕ್ಕೂ ಚಿಲ್ಲರ್ ಬೇಕು. ಕರೆಂಟು ಹೋದರೆ ಬ್ಯಾಟರಿಯ ಗಾಳಿಪಂಪು ಬೇಕು. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನಂತೆ 200 ಲೀಟರ್ ತೊಟ್ಟಿಗೆ 7 ಕಿಲೋ ಕಡಲುಪ್ಪು ಬೇಕು. ನಮ್ಮ ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಉಳಿಯುತ್ತದೆ. ಇಳಿದಷ್ಟು ಸಿಹಿನೀರು ತುಂಬದಿದ್ದರೆ ವಾರದಲ್ಲಿ ಉಪ್ಪು ಏರಿ ಜೀವಿಗಳು ಸೊರಗುತ್ತವೆ. ಸಿರುಗುಪ್ಪದ ಕಪ್ಪುಮಣ್ಣಿನಲ್ಲಿ ಸವಳು-ಜವಳು ಭೂಮಿ ಆಗುವುದೂ ಇದೇ ಬಗೆಯಲ್ಲಿ: ಕಾಲುವೆ ನೀರು ಹೆಚ್ಚಾಗಿ, ಬಸಿದು ಹೋಗದೆ, ಮೇಲೆ ಬಂದು ಆವಿಯಾಗಿ, ನೆಲದ ಮೇಲೆ ಬಿಳಿ ಉಪ್ಪು ಬಿಟ್ಟುಹೋಗುತ್ತದೆ. ತೊಟ್ಟಿಯ ಹಳೇ ನೀರನ್ನು ತೆಂಗಿನ ಬುಡಕ್ಕೆ ಹಾಕುವವರು ಇದನ್ನು ನೆನಪಿಡಬೇಕು.

ಕಾನೂನಿನ ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ಗಟ್ಟಿ ಹವಳಗಳನ್ನು 2001ರಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು. ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ನಮ್ಮ ಮುರುಡೇಶ್ವರದ ಎದುರಿನ ನೇತ್ರಾಣಿಯಿಂದಾಗಲಿ, ರಾಮೇಶ್ವರದ ಕಡೆಯಿಂದಾಗಲಿ ಹವಳದ ಕಲ್ಲು ಕಿತ್ತು ತಂದದ್ದನ್ನು ಕೊಳ್ಳುವುದು ಅಪರಾಧ. ‘ಎಲ್ಲರೂ ಇಟ್ಟಿದ್ದಾರೆ’ ಎಂಬ ಅಂಗಡಿಯ ಮಾತು ನ್ಯಾಯಾಲಯದಲ್ಲಿ ನಿಲ್ಲದು. ಕಲ್ಲು ಬೇಕಾದರೆ ಕೃತಕವಾಗಿ ಮಾಡಿದ ಒಣ ಕಲ್ಲು ಸಿಗುತ್ತದೆ. ಬ್ಯಾಕ್ಟೀರಿಯಾ ನೆಲೆಗೊಳ್ಳಲು ವಾರಗಳು ಹೆಚ್ಚು ಹಿಡಿದಾವು, ಆದರೆ ಬಾಬಿಟ್ ಹುಳುವೂ ಬರುವುದಿಲ್ಲ, ಕಡಲೂ ಬರಿದಾಗುವುದಿಲ್ಲ. ಕ್ಲೌನ್ ಮೀನುಗಳನ್ನು ಕಡಲಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿ ಮಾಡಿಸುವ ವಿದ್ಯೆ ನಮ್ಮ ದೇಶದಲ್ಲಿದೆ. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಣ್ಣುಮಕ್ಕಳಿಗೆ ಅಲಂಕಾರಿಕ ಮೀನು, ಸಿಗಡಿ ಸಾಕುವುದನ್ನು ಕಲಿಸಲಾಗಿದೆ. ನಾವು ಕೊಡುವ ಹಣ ಅಂಥವರ ಕೈ ಸೇರಲಿ ಎಂಬುದು ನನ್ನ ಒತ್ತಾಯ.

ಇನ್ನು ಬೇಡವಾದ ಜೀವಿಯನ್ನು ಏನು ಮಾಡುವುದು? ಹೊರಗಿನ ನೀರಿಗೆ ಬಿಡುವುದಂತೂ ಅಲ್ಲ. 1984ರಲ್ಲಿ ಮೊನಾಕೊದ ಕಡಲ ವಸ್ತುಸಂಗ್ರಹಾಲಯದ ಎದುರಿನ ನೀರಿನಲ್ಲಿ ಒಂದು ಚದರ ಮೀಟರಿನಷ್ಟು ಕಾಲರ್ಪಾ ಎಂಬ ಹಸಿರು ಪಾಚಿ ಕಂಡಿತು. ಅಕ್ವೇರಿಯಂನಲ್ಲಿ ಅಂದಕ್ಕೆ ಬೆಳೆಸುತ್ತಿದ್ದ ತಳಿ ಅದು. ಮುಂದೆ ಮೆಡಿಟರೇನಿಯನ್ ಸಮುದ್ರದ ತಳದಲ್ಲಿ ಸಾವಿರಾರು ಎಕರೆಗೆ ಹಬ್ಬಿತು. 1985ರಲ್ಲಿ ಫ್ಲಾರಿಡಾ ದಂಡೆಯಲ್ಲಿ ಮೊದಲು ಕಂಡ, ನಮ್ಮ ಕಡಲುಗಳ ಲಯನ್ ಫಿಶ್ ಇಂದು ಅಟ್ಲಾಂಟಿಕ್‌ನ ಹವಳ ದಿಬ್ಬಗಳನ್ನು ಕಾಡುತ್ತಿದೆ. ಸಾಕಿದವರು ಬಿಟ್ಟದ್ದರಿಂದಲೇ ಅಲ್ಲಿ ನೆಲೆಯೂರಿತು ಎಂಬುದು ಹೆಚ್ಚಿನ ವಿಜ್ಞಾನಿಗಳ ಅಭಿಪ್ರಾಯ. ನಮ್ಮಲ್ಲೇ ನೋಡಿ, ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು 2000ದಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದರೂ ಅದು ಕೆರೆಗಳಿಂದ ಹೋಗಿಲ್ಲ. ಗಾಜಿನ ಪಾಚಿ ತಿನ್ನಲೆಂದು ಅಂಗಡಿಯಲ್ಲಿ ಮಾರುವ ಸಕ್ಕರ್ ಮೀನು ದಕ್ಷಿಣದ ಎಷ್ಟೋ ನೀರುಗಳಲ್ಲಿ ಮೀನುಗಾರರ ಬಲೆ ಹರಿಯುತ್ತಿದೆ. ತೊಟ್ಟಿಗೆ ದೊಡ್ಡದಾಯಿತೆಂದು ಯಾರೋ ದಯೆಯಿಂದಲೇ ಬಿಟ್ಟದ್ದು ಅದು. ಕಡಲ ಜೀವಿ ಸಿಹಿನೀರಿನಲ್ಲಿ ಬದುಕುವುದಿಲ್ಲ ಎಂದು ಚರಂಡಿಗೆ ಸುರಿಯುವವರೂ ಇದ್ದಾರೆ. ಆದರೆ ಕಡಲ ತೊಟ್ಟಿ ಇಟ್ಟವರಲ್ಲಿ ಹಲವರು ಸಿಹಿನೀರಿನ ತೊಟ್ಟಿಯನ್ನೂ ಇಟ್ಟಿರುತ್ತಾರೆ, ಕೈಯ ರೂಢಿ ಎರಡಕ್ಕೂ ಒಂದೇ.

ಗುರುತು ಸಿಗದಿದ್ದರೆ ಕೇಳಲು ಜನರಿದ್ದಾರೆ. ಕೇಂದ್ರ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಗೆ ಮಂಗಳೂರಿನಲ್ಲೂ ಕಾರವಾರದಲ್ಲೂ ಕೇಂದ್ರಗಳಿವೆ. ಕಾರವಾರದ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವಿದೆ. ಐನ್ಯಾಚುರಲಿಸ್ಟ್ ಎಂಬ ಆ್ಯಪ್‌ನಲ್ಲಿ ಚಿತ್ರ ಹಾಕಿದರೆ ಬಲ್ಲವರು ಹೆಸರು ಸೂಚಿಸುತ್ತಾರೆ. ಚಿತ್ರ ತೆಗೆಯುವಾಗ ಜೀವಿಯನ್ನು ಬಿಳಿ ತಟ್ಟೆಯಲ್ಲಿ ತೊಟ್ಟಿಯದೇ ನೀರು ಹಾಕಿ ಇಡಿ, ಪಕ್ಕದಲ್ಲಿ ಅಳತೆಗೋಲು ಇರಲಿ, ಮೇಲಿಂದ ಒಂದು, ಬದಿಯಿಂದ ಒಂದು, ತಲೆಯ ಕಡೆಯಿಂದ ಒಂದು ಚಿತ್ರ ಬೇಕು. ಯಾವ ದಿನ, ಎಷ್ಟು ಹೊತ್ತಿಗೆ, ಏನು ತಿನ್ನುತ್ತಿತ್ತು ಎಂಬುದನ್ನು ಒಂದು ವಹಿಯಲ್ಲಿ ಬರೆದಿಡಿ. ಮನೆಯ ಮಕ್ಕಳ ಕೈಗೆ ಆ ವಹಿ ಕೊಟ್ಟರೆ ಇನ್ನೂ ಒಳ್ಳೆಯದು, ಅವರ ಕಣ್ಣು ನಮಗಿಂತ ಚುರುಕು.

ಹೆಸರು ಗೊತ್ತಾದ ಮೇಲೂ ಬೇಡವೆನಿಸಿದ್ದನ್ನು ಇನ್ನೊಬ್ಬ ಹವ್ಯಾಸಿಗೆ ಕೊಡಿ, ಇಲ್ಲವೇ ಕೊಂಡ ಅಂಗಡಿಗೇ ಹಿಂದಿರುಗಿಸಿ. ಸತ್ತ ಜೀವಿಯನ್ನು ನೆಲದಲ್ಲಿ ಆಳವಾಗಿ ಹೂಳಿ. ಕಡಲದಾಗಲಿ ಸಿಹಿನೀರಿನದಾಗಲಿ, ಬದುಕಿರುವ ಒಂದು ಮೀನನ್ನೂ, ಒಂದು ಹುಳುವನ್ನೂ, ಒಂದು ಎಳೆ ಪಾಚಿಯನ್ನೂ ಅಲ್ಲಿಪುರದ ಕೆರೆಗೆ, ಹಗರಿಗೆ, ತುಂಗಭದ್ರೆಯ ಕಾಲುವೆಗೆ ದಯವಿಟ್ಟು ಬಿಡಬೇಡಿ. ಆ ನೀರನ್ನೇ ಬಳ್ಳಾರಿ ಕುಡಿಯುತ್ತದೆ, ಆ ನೀರಿನಲ್ಲೇ ಸಿರುಗುಪ್ಪದ ಭತ್ತ ಬೆಳೆಯುತ್ತದೆ.